ಒಂದೇ ತಂತಿಯಲ್ಲಿ ಹಲವು ಜಾಲ: ಮಂಡಿಗಳಿಗೂ ಸಣ್ಣ ಕೈಗಾರಿಕೆಗಳಿಗೂ ವಿ-ಲ್ಯಾನ್ ಪಾಠ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ವ್ಯಾಪಾರವು ಅಡಿಕೆ, ಮೆಕ್ಕೆಜೋಳ, ಭತ್ತ, ಶುಂಠಿಗಳ ಮೇಲೆ ಎಷ್ಟರಮಟ್ಟಿಗೆ ನಿಂತಿದೆಯೋ ಇಂದು ಗಣಕಯಂತ್ರದ ಮೇಲೂ ಅಷ್ಟೇ ನಿಂತಿದೆ. 2014ರಲ್ಲಿ ರಾಜ್ಯದ ನಿಯಂತ್ರಿತ ಮಾರುಕಟ್ಟೆಗಳನ್ನು ಏಕೀಕೃತ ಮಾರುಕಟ್ಟೆ ವೇದಿಕೆಗೆ ತರುವ ಕೆಲಸ ಆರಂಭವಾದ ಮೇಲೆ ಲಾಟಿನ ದಾಖಲೆ, ಟೆಂಡರು, ತೂಕ, ಬಿಲ್ಲು ಇವೆಲ್ಲ ಕಾಗದದಿಂದ ಪರದೆಗೆ ಬಂದವು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆಯೂ, 2018ರ ಏಪ್ರಿಲ್ 1ರಂದು ಇ-ವೇ ಬಿಲ್ಲೂ ಜಾರಿಗೆ ಬಂದುದರಿಂದ ಅಂತರ್ಜಾಲ ಸಂಪರ್ಕವಿಲ್ಲದೆ ಲಾರಿ ಗೋದಾಮಿನಿಂದ ಹೊರಡುವಂತಿಲ್ಲ ಎಂಬ ಸ್ಥಿತಿ ಒದಗಿತು.

ಹೀಗೆ ಯಂತ್ರಗಳು ಒಂದೊಂದಾಗಿ ಬಂದವು. ಮೊದಲು ಲೆಕ್ಕದ ಗಣಕಯಂತ್ರ, ಆಮೇಲೆ ತೂಕದ ಯಂತ್ರಕ್ಕೊಂದು, ಗೋದಾಮಿಗೆ ಕ್ಯಾಮೆರಾಗಳು, ಕೊನೆಗೆ ಬಂದುಹೋಗುವವರಿಗೆ ವೈ-ಫೈ. ಬಂದಂತೆಲ್ಲ ಅವನ್ನು ಅದೇ ಡಬ್ಬಿಗೆ, ಅದೇ ತಂತಿಗೆ ಸೇರಿಸುತ್ತಾ ಹೋದದ್ದೇ ಹೆಚ್ಚು. ಯಾವುದನ್ನು ಯಾವುದರಿಂದ ಬೇರೆ ಇಡಬೇಕು ಎಂಬ ಪ್ರಶ್ನೆ ಏಳಲೇ ಇಲ್ಲ. ಆ ಪ್ರಶ್ನೆಯನ್ನು ಕೇಳುವುದು, ಕಡಿಮೆ ಖರ್ಚಿನಲ್ಲಿ ಅದಕ್ಕೆ ಉತ್ತರ ಕಂಡುಕೊಳ್ಳುವುದು ಈ ಪಾಠದ ಉದ್ದೇಶ. ಉತ್ತರದ ಹೆಸರು ವಿ-ಲ್ಯಾನ್, ಅಂದರೆ ತೋರಿಕೆಯ ಸ್ಥಳೀಯ ಜಾಲ.

ಗೋಡೆಯಿಲ್ಲದ ಅಂಗಡಿ

ಉದಾಹರಣೆಗಾಗಿ ಶಿಕಾರಿಪುರದ ಮಾರುಕಟ್ಟೆ ಪ್ರಾಂಗಣದ ಬಳಿ ಒಂದು ಅಡಿಕೆ ಮಂಡಿಯನ್ನು ಕಲ್ಪಿಸಿಕೊಳ್ಳಬಹುದು. ಅದಕ್ಕೆ ಸೊರಬದಲ್ಲೊಂದು ಶಾಖೆ ಹಾಗೂ ಗೋದಾಮು. ಬೆಳೆಗಾರರು ರಾಶಿ, ಬೆಟ್ಟೆ, ಸರಕು, ಗೊರಬಲುಗಳನ್ನು ತಂದು ಇಳಿಸುತ್ತಾರೆ. ಕೆಲವರು ಅಂದೇ ಮಾರಿ ಹಣ ಪಡೆಯುತ್ತಾರೆ. ಕೆಲವರು ಧಾರಣೆ ಏರಲೆಂದು ಮಾಲನ್ನು ಮಂಡಿಯಲ್ಲೇ ಬಿಟ್ಟು, ಮಗಳ ಮದುವೆಗೋ ಮಗನ ಶುಲ್ಕಕ್ಕೋ ಮುಂಗಡ ಪಡೆದು ಹೋಗುತ್ತಾರೆ. ಯಾರ ಚೀಲ ಎಷ್ಟು, ಯಾರ ಮುಂಗಡ ಎಷ್ಟು, ಬಡ್ಡಿ ಎಲ್ಲಿಗೆ ಬಂದಿದೆ ಎಂಬುದೆಲ್ಲ ಲೆಕ್ಕದ ಸರ್ವರಿನಲ್ಲಿದೆ. ಮಂಡಿಯ ಬಂಡವಾಳ ಹಣವಷ್ಟೇ ಅಲ್ಲ, ಬೆಳೆಗಾರನ ನಂಬಿಕೆಯೂ ಹೌದು. ಆ ನಂಬಿಕೆಗೆ ಆಧಾರ ಆ ಲೆಕ್ಕ.

ಈಗ ಅದೇ ಮಂಡಿಯಲ್ಲಿ ಲೋಡಿಗಾಗಿ ಕಾದಿರುವ ಲಾರಿ ಚಾಲಕ ವೈ-ಫೈ ಗುಪ್ತಪದ ಕೇಳುತ್ತಾನೆ, ಗುಮಾಸ್ತ ಹೇಳುತ್ತಾನೆ. ಆ ಕ್ಷಣದಿಂದ ಚಾಲಕನ ಮೊಬೈಲು ಮತ್ತು ಮಂಡಿಯ ಲೆಕ್ಕದ ಸರ್ವರು ಒಂದೇ ಜಾಲದಲ್ಲಿವೆ. ಚಾಲಕ ಪ್ರಾಮಾಣಿಕನೇ ಇರಬಹುದು. ಆದರೆ ಅವನ ಮೊಬೈಲಿನಲ್ಲಿ ಏನು ಕುಳಿತಿದೆ ಎಂಬುದು ಅವನಿಗೇ ತಿಳಿದಿರುವುದಿಲ್ಲ.

ಈ ಭಯ ಉತ್ಪ್ರೇಕ್ಷೆಯದಲ್ಲ. 2017ರ ಮೇ 12ರಂದು ಹರಡಲಾರಂಭಿಸಿದ ‘ವಾನಾಕ್ರೈ’ ಎಂಬ ಕುತಂತ್ರಾಂಶವು ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಗಣಕಯಂತ್ರಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಒಂದು ಯಂತ್ರಕ್ಕೆ ತಗುಲಿದರೆ ಸಾಕು, ಕಡತ ಹಂಚಿಕೆಗಾಗಿ ತೆರೆದಿಟ್ಟ ದಾರಿಯಿಂದ ಅದೇ ಜಾಲದ ಇತರ ಯಂತ್ರಗಳಿಗೆ ತಾನಾಗಿಯೇ ಹಾರುತ್ತಿತ್ತು. ಅದನ್ನು ತಡೆಯುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚಿನಲ್ಲಿ, ಬಿಡುಗಡೆ ಮಾಡಿತ್ತು; ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದರ ಹಿಂದಿನ ವರ್ಷ, 2016ರಲ್ಲಿ, ‘ಮಿರಾಯ್’ ಎಂಬ ಇನ್ನೊಂದು ಕುತಂತ್ರಾಂಶವು ಕಾರ್ಖಾನೆಯಿಂದ ಬಂದ ಗುಪ್ತಪದವನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾಗಳನ್ನೂ ಚಿತ್ರಮುದ್ರಣ ಯಂತ್ರಗಳನ್ನೂ ವಶಪಡಿಸಿಕೊಂಡು ಬೇರೆಯವರ ಮೇಲೆ ದಾಳಿಗೆ ಬಳಸಿತು. ಕಾವಲಿಗೆಂದು ಕಟ್ಟಿದ ಕ್ಯಾಮೆರಾವೇ ಕಳ್ಳನಿಗೆ ಕಿಟಕಿಯಾದ ಪ್ರಸಂಗ ಅದು.

ಅಡಿಕೆಯ ಗೋದಾಮು, ಲೆಕ್ಕದ ಕೋಣೆ, ಬಂದವರು ಕೂರುವ ಜಗಲಿ ಇವುಗಳ ನಡುವೆ ಗೋಡೆ ಕಟ್ಟದ ವರ್ತಕನಿಲ್ಲ. ಗಣಕಜಾಲದಲ್ಲಿ ಮಾತ್ರ ಆ ಗೋಡೆ ಇಲ್ಲದೆ ವ್ಯವಹಾರ ನಡೆಯುತ್ತಿದೆ.

ಚೀಲದ ಮಾರ್ಕು ಎಂಬ ಹೋಲಿಕೆ

ಪ್ರತಿ ವಿಭಾಗಕ್ಕೂ ಬೇರೆ ತಂತಿ, ಬೇರೆ ಸ್ವಿಚ್ಚು ಹಾಕಿದರೆ ಗೋಡೆ ಕಟ್ಟಿದಂತೆಯೇ. ಆದರೆ ನಾಲ್ಕು ವಿಭಾಗಕ್ಕೆ ನಾಲ್ಕು ಸ್ವಿಚ್ಚು, ನಾಲ್ಕು ಪಟ್ಟು ತಂತಿ ಎಂದರೆ ಖರ್ಚು ಹೆಚ್ಚು, ದುರಸ್ತಿ ಕಷ್ಟ. ವಿ-ಲ್ಯಾನ್ ಈ ಕೆಲಸವನ್ನು ಒಂದೇ ತಂತಿಯಲ್ಲಿ ಮಾಡುತ್ತದೆ. ಹೇಗೆ ಎಂಬುದನ್ನು ಮಂಡಿಯವರಿಗೆ ವಿವರಿಸುವುದು ಸುಲಭ.

ಆನವಟ್ಟಿ, ಶಿರಾಳಕೊಪ್ಪ ಕಡೆಯಿಂದ ಬರುವ ಒಂದೇ ಲಾರಿಯಲ್ಲಿ ನಾಲ್ಕು ಮಂಡಿಗಳ ಚೀಲಗಳಿರಬಹುದು. ಗೊಂದಲವಾಗುವುದಿಲ್ಲ, ಏಕೆಂದರೆ ಪ್ರತಿ ಚೀಲದ ಮೇಲೂ ಮಸಿಯಲ್ಲಿ ಬರೆದ ಮಾರ್ಕು ಇರುತ್ತದೆ. ಹಮಾಲರು ಮಾರ್ಕು ನೋಡಿ ಆಯಾ ಮಂಡಿಯ ಬಾಗಿಲಲ್ಲಿ ಆಯಾ ಚೀಲ ಇಳಿಸುತ್ತಾರೆ. ಒಂದು ಮಂಡಿಯ ಚೀಲ ಇನ್ನೊಂದಕ್ಕೆ ಹೋಗಬೇಕಾದರೆ ಗುಮಾಸ್ತನ ಚೀಟಿ ಬೇಕು.

ಗಣಕಜಾಲದಲ್ಲಿ ಮಾಹಿತಿಯೂ ಚೀಲ ಚೀಲವಾಗಿಯೇ ಸಾಗುತ್ತದೆ. ಆ ಚೀಲಕ್ಕೆ ‘ಫ್ರೇಮ್’ ಎಂದು ಹೆಸರು. ಹೋಲಿಕೆಯನ್ನು ಹೀಗೆ ಮುಂದುವರಿಸಬಹುದು:

1. ಚೀಲದ ಮಾರ್ಕು ಎಂದರೆ ‘ಟ್ಯಾಗ್’. ಯಾವ ವಿ-ಲ್ಯಾನಿಗೆ ಸೇರಿದ ಫ್ರೇಮ್ ಎಂಬ ಸಂಖ್ಯೆ ಅದರಲ್ಲಿರುತ್ತದೆ.

2. ಹಲವು ಮಂಡಿಗಳ ಚೀಲ ಹೊತ್ತ ಲಾರಿ ಎಂದರೆ ‘ಟ್ರಂಕ್’ ಪೋರ್ಟು. ಇಲ್ಲಿ ಫ್ರೇಮುಗಳು ಮಾರ್ಕಿನೊಡನೆಯೇ ಸಾಗುತ್ತವೆ.

3. ಒಂದು ಮಂಡಿಯ ಬಾಗಿಲು ಎಂದರೆ ‘ಆ್ಯಕ್ಸೆಸ್’ ಪೋರ್ಟು. ಇಲ್ಲಿ ಸ್ವಿಚ್ಚು ಮಾರ್ಕನ್ನು ತೆಗೆದು ಫ್ರೇಮನ್ನು ಒಳಗೆ ಬಿಡುತ್ತದೆ. ಬಾಗಿಲೊಳಗಿನ ಗಣಕಯಂತ್ರಕ್ಕೆ ವಿ-ಲ್ಯಾನ್ ಎಂಬುದೊಂದಿದೆ ಎಂದೇ ತಿಳಿಯುವುದಿಲ್ಲ.

4. ಚೀಟಿ ಕೊಡುವ ಗುಮಾಸ್ತ ಎಂದರೆ ರೂಟರು. ಒಂದು ವಿ-ಲ್ಯಾನಿನಿಂದ ಇನ್ನೊಂದಕ್ಕೆ ಏನೇ ಹೋಗಬೇಕಾದರೂ ಅವನ ಮುಂದೆಯೇ ಹಾದುಹೋಗಬೇಕು.

ಸಾಮಾನ್ಯ ಯುನಿಕ್ಸ್ ಮಾದರಿಯ ಕಾರ್ಯಾಚರಣ ವ್ಯವಸ್ಥೆಯುಳ್ಳ ಒಂದು ಗಣಕಯಂತ್ರ ಈ ಗುಮಾಸ್ತನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಬಲ್ಲದು. ಲಿನಕ್ಸ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಇವು ಮೂರೂ ಪರವಾನಗಿ ಶುಲ್ಕವಿಲ್ಲದೆ ದೊರೆಯುತ್ತವೆ.

ಮಾರ್ಕಿನ ಅಳತೆ

1980ರ ದಶಕದಲ್ಲಿ ಅಮೆರಿಕದ ಬೆಲ್‌ಕೋರ್ ಸಂಸ್ಥೆಯಲ್ಲಿದ್ದ ಡೇವಿಡ್ ಸಿಂಕೋಸ್ಕಿ ಅವರ ಸಂಶೋಧನೆಯಿಂದ ಈ ಕಲ್ಪನೆ ಬೆಳೆಯಿತು. ಮೊದಮೊದಲು ಒಬ್ಬೊಬ್ಬ ತಯಾರಕರ ಮಾರ್ಕು ಒಂದೊಂದು ಬಗೆಯಾಗಿತ್ತು. ಒಬ್ಬರ ಸ್ವಿಚ್ಚಿಗೆ ಮತ್ತೊಬ್ಬರ ಮಾರ್ಕು ಓದಲು ಬರುತ್ತಿರಲಿಲ್ಲ. 1998ರಲ್ಲಿ ಐಇಇಇ ಸಂಸ್ಥೆಯು 802.1ಕ್ಯೂ ಎಂಬ ಮಾನಕವನ್ನು ಪ್ರಕಟಿಸಿದ ಮೇಲೆ ಎಲ್ಲರಿಗೂ ಒಂದೇ ಮಾರ್ಕು ಬಂದಿತು. ಸ್ವಿಚ್ಚು ಕೊಳ್ಳುವಾಗ ಪೆಟ್ಟಿಗೆಯ ಮೇಲೆ ನೋಡಬೇಕಾದ ಸಂಖ್ಯೆ ಇದೇ.

ಈ ಮಾರ್ಕು 4 ಬೈಟುಗಳಷ್ಟು ಉದ್ದ. ಅದರೊಳಗೆ ವಿ-ಲ್ಯಾನ್ ಸಂಖ್ಯೆಗೆ ಮೀಸಲಾದುದು 12 ಬಿಟ್ಟುಗಳು. ಆದುದರಿಂದ 4096 ಸಂಖ್ಯೆಗಳು ಸಾಧ್ಯ. ಅವುಗಳಲ್ಲಿ 0 ಮತ್ತು 4095 ಕಾದಿರಿಸಿದವು. ಬಳಕೆಗೆ ಉಳಿಯುವುದು 1ರಿಂದ 4094. ಮಂಡಿಗೆ ಬೇಕಾದುದು ನಾಲ್ಕೋ ಐದೋ.

ಮಾರ್ಕಿನ ಉದ್ದಕ್ಕೆ ಒಂದು ಪ್ರಾಯೋಗಿಕ ಪರಿಣಾಮವಿದೆ. ಮಾರ್ಕಿಲ್ಲದ ಫ್ರೇಮಿನ ಗರಿಷ್ಠ ಗಾತ್ರ 1518 ಬೈಟು. ಮಾರ್ಕು ಸೇರಿದರೆ 1522. ಬಹು ಹಳೆಯ ಜಾಲ ಕಾರ್ಡುಗಳು ಮತ್ತು ಅಗ್ಗದ ಸ್ವಿಚ್ಚುಗಳು ಈ ನಾಲ್ಕು ಬೈಟು ಹೆಚ್ಚಾದುದನ್ನು ಸಹಿಸದೆ ಫ್ರೇಮನ್ನೇ ಎಸೆಯುತ್ತವೆ. ಆಗ ಸಣ್ಣ ಸಂದೇಶಗಳು ತಲುಪುತ್ತವೆ, ದೊಡ್ಡ ಕಡತಗಳು ಅರ್ಧಕ್ಕೆ ನಿಲ್ಲುತ್ತವೆ. ‘ಸಂಪರ್ಕ ಇದೆ, ಆದರೆ ಬಿಲ್ಲು ತೆರೆಯುವುದಿಲ್ಲ’ ಎಂಬ ದೂರು ಬಂದರೆ ಮೊದಲು ಸಂಶಯಿಸಬೇಕಾದುದು ಇದನ್ನು.

ಮೊದಲ ಕೆಲಸ ಕಾಗದದ ಮೇಲೆ

ಗಣಕಯಂತ್ರವನ್ನು ಮುಟ್ಟುವ ಮೊದಲು ಮಾಲೀಕರು ಒಂದು ಹಾಳೆ ತೆಗೆದುಕೊಂಡು ಕುಳಿತುಕೊಳ್ಳಬೇಕು. ಯಾವ ಯಂತ್ರ ಯಾವುದರೊಡನೆ ಮಾತನಾಡಬೇಕು ಎಂಬುದು ವ್ಯಾಪಾರದ ನಿರ್ಧಾರ. ಅದನ್ನು ತಂತ್ರಜ್ಞನಿಗೆ ಬಿಡುವುದು ತಿಜೋರಿಯ ಬೀಗದ ಕೈ ಯಾರ ಬಳಿ ಇರಬೇಕು ಎಂಬುದನ್ನು ಬೀಗ ಮಾಡಿದವನಿಗೆ ಬಿಟ್ಟಂತೆ. ಮೇಲಿನ ಮಂಡಿಗೆ ಹಂಚಿಕೆ ಹೀಗಿರಬಹುದು:

ವಿ-ಲ್ಯಾನ್ 10, ಲೆಕ್ಕಪತ್ರ: ಸರ್ವರು, ಗುಮಾಸ್ತರ ಗಣಕಯಂತ್ರಗಳು, ಮುದ್ರಕ. ವಿಳಾಸ ಶ್ರೇಣಿ 192.168.10.

ವಿ-ಲ್ಯಾನ್ 20, ತೂಕ ಮತ್ತು ಗೋದಾಮು: ತೂಕದ ಯಂತ್ರಕ್ಕೆ ಸೇರಿದ ಗಣಕಯಂತ್ರ, ಚೀಟಿ ಮುದ್ರಕ. ವಿಳಾಸ ಶ್ರೇಣಿ 192.168.20.

ವಿ-ಲ್ಯಾನ್ 30, ಕ್ಯಾಮೆರಾ: ಎಲ್ಲ ಕ್ಯಾಮೆರಾಗಳು ಮತ್ತು ಅವುಗಳ ಮುದ್ರಣ ಯಂತ್ರ. ವಿಳಾಸ ಶ್ರೇಣಿ 192.168.30.

ವಿ-ಲ್ಯಾನ್ 40, ಅತಿಥಿ: ಬೆಳೆಗಾರರು, ಚಾಲಕರು, ಖರೀದಿದಾರರ ಮೊಬೈಲುಗಳು. ವಿಳಾಸ ಶ್ರೇಣಿ 192.168.40.

ವಿ-ಲ್ಯಾನ್ ಸಂಖ್ಯೆಯನ್ನೇ ವಿಳಾಸದ ಮೂರನೆಯ ಅಂಕೆಯಾಗಿ ಇಟ್ಟುಕೊಂಡರೆ ಮುಂದೆ ನೆನಪಿಗೆ ಸುಲಭ. ಕ್ಯಾಮೆರಾಗಳ ಮುದ್ರಣ ಯಂತ್ರವನ್ನು ಕ್ಯಾಮೆರಾಗಳ ಜಾಲದಲ್ಲೇ ಇಟ್ಟಿರುವುದಕ್ಕೆ ಕಾರಣವಿದೆ. ಹಗಲಿರುಳು ಹರಿಯುವ ಚಿತ್ರಗಳು ಸ್ವಿಚ್ಚಿನೊಳಗೇ ಉಳಿಯುತ್ತವೆ. ರೂಟರಿನವರೆಗೆ ಹೋಗಿ ಅದೇ ತಂತಿಯಲ್ಲಿ ಹಿಂದಿರುಗಿ ದಾರಿ ಕಟ್ಟುವುದಿಲ್ಲ.

ಇದೇ ಹಾಳೆಯಲ್ಲಿ ಅನುಮತಿಗಳನ್ನೂ ಬರೆಯಬೇಕು. ಲೆಕ್ಕಪತ್ರ ವಿಭಾಗ ಅಂತರ್ಜಾಲಕ್ಕೆ ಹೋಗಬಹುದು. ತೂಕದ ಗಣಕಯಂತ್ರ ಲೆಕ್ಕದ ಸರ್ವರಿನ ಒಂದು ಸೇವೆಯನ್ನು ಮಾತ್ರ ಮುಟ್ಟಬಹುದು. ಲೆಕ್ಕಪತ್ರ ವಿಭಾಗದಿಂದ ಕ್ಯಾಮೆರಾ ಚಿತ್ರ ನೋಡಬಹುದು. ಕ್ಯಾಮೆರಾ ತಾನಾಗಿ ಯಾರನ್ನೂ ಮುಟ್ಟಬಾರದು. ಅತಿಥಿಗೆ ಅಂತರ್ಜಾಲವೊಂದೇ. ಪಟ್ಟಿಯಲ್ಲಿ ಬರೆಯದಿರುವುದು ಯಾವುದೂ ಇಲ್ಲ. ತಯಾರಿಕಾ ಘಟಕವಾದರೆ ‘ತೂಕ’ ಎಂಬಲ್ಲಿ ‘ಯಂತ್ರಾಗಾರ’ ಎಂದು ಓದಿಕೊಂಡರಾಯಿತು. ಅಕ್ಕಿ ಗಿರಣಿಯ ನಿಯಂತ್ರಣ ಫಲಕಕ್ಕೂ ಅತಿಥಿಯ ಮೊಬೈಲಿಗೂ ಯಾವ ಸಂಬಂಧವೂ ಇರಬೇಕಿಲ್ಲ.

ಬೇಕಾಗುವ ಸಾಮಗ್ರಿ

ಮೊದಲನೆಯದು, 802.1ಕ್ಯೂ ಬಲ್ಲ ‘ಮ್ಯಾನೇಜ್ಡ್’ ಅಥವಾ ‘ಸ್ಮಾರ್ಟ್’ ಸ್ವಿಚ್ಚು. ಸಾಧಾರಣ ಸ್ವಿಚ್ಚಿನಲ್ಲಿ ಪೋರ್ಟುಗಳನ್ನು ಬೇರ್ಪಡಿಸುವ ವ್ಯವಸ್ಥೆಯೇ ಇರುವುದಿಲ್ಲ. ಎರಡನೆಯದು, ಎರಡು ಜಾಲ ಕಾರ್ಡುಗಳುಳ್ಳ ಗಣಕಯಂತ್ರ. ಹಳೆಯದಾದರೂ ಸುಸ್ಥಿತಿಯಲ್ಲಿದ್ದರೆ ಸಾಕು. ಒಂದು ಕಾರ್ಡು ಅಂತರ್ಜಾಲದ ಪೆಟ್ಟಿಗೆಗೆ, ಮತ್ತೊಂದು ಸ್ವಿಚ್ಚಿನ ಟ್ರಂಕ್ ಪೋರ್ಟಿಗೆ. ಮೂರನೆಯದು, ಒಂದಕ್ಕಿಂತ ಹೆಚ್ಚು ಹೆಸರಿನಲ್ಲಿ ಪ್ರಸಾರ ಮಾಡಿ, ಪ್ರತಿ ಹೆಸರನ್ನೂ ಬೇರೆ ವಿ-ಲ್ಯಾನಿಗೆ ಸೇರಿಸಬಲ್ಲ ವೈ-ಫೈ ಉಪಕರಣ. ಅದನ್ನು ಸೇರಿಸುವ ಪೋರ್ಟೂ ಟ್ರಂಕ್ ಆಗಿರಬೇಕು.

ಮಲೆನಾಡಿನ ಅಂಚಿನ ಈ ತಾಲ್ಲೂಕುಗಳಲ್ಲಿ ಮುಂಗಾರಿಗೆ ಮುಂಚಿನ ಗುಡುಗು ಸಿಡಿಲು ಎಲ್ಲರಿಗೂ ಪರಿಚಿತ. ಕಚೇರಿಯಿಂದ ಗೋದಾಮಿಗೆ ಬಯಲಿನಲ್ಲಿ ತಾಮ್ರದ ತಂತಿ ಎಳೆದರೆ ಒಂದು ಸಿಡಿಲು ಎರಡೂ ತುದಿಯ ಸ್ವಿಚ್ಚುಗಳನ್ನು ಸುಡಬಹುದು. ತಾಮ್ರದ ತಂತಿಯ ಮಿತಿಯೂ 100 ಮೀಟರು. ಕಟ್ಟಡದಿಂದ ಕಟ್ಟಡಕ್ಕೆ ಆಪ್ಟಿಕಲ್ ಫೈಬರ್ ಹಾಕುವುದೇ ಲೇಸು; ಅದರಲ್ಲಿ ವಿದ್ಯುತ್ತು ಹರಿಯುವುದಿಲ್ಲ, ವಿ-ಲ್ಯಾನ್ ಮಾರ್ಕುಗಳು ಹಾಗೆಯೇ ಸಾಗುತ್ತವೆ.

ಲಿನಕ್ಸ್‌ನಲ್ಲಿ ಅಳವಡಿಕೆ

ಬೆನ್ ಗ್ರೀಯರ್ ಅವರು ರಚಿಸಿದ ವಿ-ಲ್ಯಾನ್ ಭಾಗವು 2001ರಲ್ಲಿ ಲಿನಕ್ಸ್ ತಿರುಳಿನ 2.4 ಸರಣಿಗೆ ಸೇರಿತು. ಅಂದು ‘ವಿಕಾನ್ಫಿಗ್’ ಎಂಬ ಆಜ್ಞೆ ಬಳಕೆಯಲ್ಲಿತ್ತು. ಹಳೆಯ ಪುಸ್ತಕಗಳಲ್ಲಿ ಇಂದಿಗೂ ಅದೇ ಕಾಣಸಿಗುತ್ತದೆ. ಈಗ ಅದರ ಜಾಗದಲ್ಲಿ ‘ಐಪಿ’ ಎಂಬ ಆಜ್ಞೆ ಇದೆ. ಮುಂದಿನ ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಬರೆಯಲಾಗಿದೆ. ಕೀಲಿಮಣೆಯಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಒತ್ತಬೇಕು. ಸ್ವಿಚ್ಚಿಗೆ ಸೇರಿದ ಕಾರ್ಡಿನ ಹೆಸರು ‘ಇಟಿಎಚ್0’, ಅಂತರ್ಜಾಲದ ಕಡೆಯದು ‘ಇಟಿಎಚ್1’ ಎಂದು ಇಟ್ಟುಕೊಳ್ಳಲಾಗಿದೆ. ಹೊಸ ಯಂತ್ರಗಳಲ್ಲಿ ಹೆಸರು ಬೇರೆ ಇರುತ್ತದೆ. ‘ಐಪಿ ಲಿಂಕ್’ ಎಂದು ಕೇಳಿದರೆ ಪಟ್ಟಿ ದೊರೆಯುತ್ತದೆ.

ಹಂತ 1. ತಿರುಳಿಗೆ ವಿ-ಲ್ಯಾನ್ ಭಾಗವನ್ನು ಸೇರಿಸುವುದು: ‘ಮಾಡ್‌ಪ್ರೋಬ್ 8021ಕ್ಯೂ’. ಇಂದಿನ ಹೆಚ್ಚಿನ ಆವೃತ್ತಿಗಳಲ್ಲಿ ಇದು ಅಗತ್ಯ ಬಿದ್ದಾಗ ತಾನಾಗಿಯೇ ಸೇರುತ್ತದೆ.

ಹಂತ 2. ಒಂದು ಕಾರ್ಡಿನ ಮೇಲೆ ತೋರಿಕೆಯ ಕಾರ್ಡು ಕಟ್ಟುವುದು: ‘ಐಪಿ ಲಿಂಕ್ ಆ್ಯಡ್ ಲಿಂಕ್ ಇಟಿಎಚ್0 ನೇಮ್ ಇಟಿಎಚ್0.10 ಟೈಪ್ ವಿಲ್ಯಾನ್ ಐಡಿ 10’. ಇದೇ ರೀತಿ 20, 30, 40ಕ್ಕೂ ಮಾಡಬೇಕು. ಈಗ ಒಂದೇ ಕಾರ್ಡಿನ ಮೇಲೆ ನಾಲ್ಕು ಕಾರ್ಡುಗಳಿದ್ದಂತೆ. 10ರ ಮಾರ್ಕು ಹೊತ್ತು ಬಂದ ಫ್ರೇಮ್ ‘ಇಟಿಎಚ್0.10’ಕ್ಕೆ ಹೋಗುತ್ತದೆ, ಅಲ್ಲಿಂದ ಹೊರಡುವ ಫ್ರೇಮಿಗೆ 10ರ ಮಾರ್ಕು ಬೀಳುತ್ತದೆ.

ಹಂತ 3. ಪ್ರತಿಯೊಂದಕ್ಕೂ ವಿಳಾಸ ಕೊಡುವುದು: ‘ಐಪಿ ಆ್ಯಡರ್ ಆ್ಯಡ್ 192.168.10.1/24 ಡೆವ್ ಇಟಿಎಚ್0.10’. ಉಳಿದವುಗಳಿಗೆ ಅವುಗಳ ಶ್ರೇಣಿಯ ಮೊದಲ ವಿಳಾಸ. ಮೂಲ ಕಾರ್ಡು ‘ಇಟಿಎಚ್0’ಗೆ ವಿಳಾಸ ಕೊಡಬೇಕಿಲ್ಲ.

ಹಂತ 4. ಎಬ್ಬಿಸುವುದು: ‘ಐಪಿ ಲಿಂಕ್ ಸೆಟ್ ಇಟಿಎಚ್0 ಅಪ್’, ಬಳಿಕ ‘ಐಪಿ ಲಿಂಕ್ ಸೆಟ್ ಇಟಿಎಚ್0.10 ಅಪ್’. ಮೂಲ ಕಾರ್ಡು ಮಲಗಿದ್ದರೆ ಅದರ ಮೇಲಿನವು ಏಳುವುದಿಲ್ಲ.

ಹಂತ 5. ವಿಳಾಸ ಹಂಚಿಕೆ: ‘ಡಿಎನ್‌ಎಸ್‌ಮಾಸ್ಕ್’ ಎಂಬ ಸಣ್ಣ ತಂತ್ರಾಂಶವು ನಾಲ್ಕೂ ಜಾಲಗಳಿಗೆ ಬೇರೆ ಬೇರೆ ಶ್ರೇಣಿಯ ವಿಳಾಸ ಹಂಚಬಲ್ಲದು.

ಹಂತ 6. ಸ್ಥಿರಗೊಳಿಸುವುದು: ಹೀಗೆ ಒತ್ತಿದ ಆಜ್ಞೆಗಳು ವಿದ್ಯುತ್ ಹೋಗಿ ಬಂದರೆ ಅಳಿಸಿಹೋಗುತ್ತವೆ. ವಿದ್ಯುತ್ ಕಡಿತ ಸಾಮಾನ್ಯವಾಗಿರುವಲ್ಲಿ ಇದನ್ನು ಮರೆಯುವಂತಿಲ್ಲ. ಡೆಬಿಯನ್‌ನಲ್ಲಿ ‘ಇಂಟರ್‌ಫೇಸಸ್’ ಎಂಬ ಕಡತದಲ್ಲಿ, ಉಬುಂಟುವಿನಲ್ಲಿ ‘ನೆಟ್‌ಪ್ಲಾನ್’ ಕಡತದಲ್ಲಿ, ರೆಡ್ ಹ್ಯಾಟ್ ಬಳಗದಲ್ಲಿ ‘ನೆಟ್‌ವರ್ಕ್ ಮ್ಯಾನೇಜರ್’ ಮೂಲಕ ಇದೇ ಹಂಚಿಕೆಯನ್ನು ಬರೆದಿಡಬೇಕು. ಬರೆದ ಮೇಲೆ ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿ ನೋಡಿದರೇ ಕೆಲಸ ಮುಗಿದಂತೆ.

ಫ್ರೀಬಿಎಸ್‌ಡಿಯಲ್ಲಿ ಬರವಣಿಗೆ ಇನ್ನೂ ಚಿಕ್ಕದು. ‘ಆರ್‌ಸಿ.ಕಾನ್ಫ್’ ಕಡತದಲ್ಲಿ ಯಾವ ಕಾರ್ಡಿನ ಮೇಲೆ ಯಾವ ವಿ-ಲ್ಯಾನ್ ಸಂಖ್ಯೆಗಳು ಎಂದು ಒಂದು ಸಾಲು, ಪ್ರತಿಯೊಂದರ ವಿಳಾಸಕ್ಕೆ ಒಂದೊಂದು ಸಾಲು. ಓಪನ್‌ಬಿಎಸ್‌ಡಿಯಲ್ಲಿ ಪ್ರತಿ ವಿ-ಲ್ಯಾನಿಗೂ ಒಂದು ಪುಟ್ಟ ಕಡತ. ಅದರಲ್ಲಿ ಸಂಖ್ಯೆ, ಮೂಲ ಕಾರ್ಡು ಮತ್ತು ವಿಳಾಸ. ಮೂರರಲ್ಲಿಯೂ ತತ್ತ್ವ ಒಂದೇ. ಮಾರ್ಕು ಒಂದೇ ಮಾನಕದ್ದಾದುದರಿಂದ ಯಾವ ಸ್ವಿಚ್ಚಿನೊಡನೆಯೂ ಹೊಂದಿಕೊಳ್ಳುತ್ತವೆ.

ಗೋಡೆ ಕಟ್ಟಿ ಬಾಗಿಲು ತೆರೆದಿಡುವ ತಪ್ಪು

ಇಷ್ಟಕ್ಕೇ ನಿಲ್ಲಿಸಿದರೆ ರಕ್ಷಣೆ ದೊರೆತಂತಲ್ಲ. ಅಂತರ್ಜಾಲಕ್ಕೆ ದಾರಿ ಮಾಡಿಕೊಡಲು ಲಿನಕ್ಸ್ ಯಂತ್ರದಲ್ಲಿ ‘ಐಪಿ ಫಾರ್ವರ್ಡ್’ ಎಂಬ ಗುಂಡಿಯನ್ನು 1 ಎಂದು ತಿರುಗಿಸಬೇಕಾಗುತ್ತದೆ. ತಿರುಗಿಸಿದ ಕ್ಷಣ ಗುಮಾಸ್ತನು ಎಲ್ಲ ಚೀಟಿಗಳಿಗೂ ಕಣ್ಣುಮುಚ್ಚಿ ಸಹಿ ಹಾಕಲಾರಂಭಿಸುತ್ತಾನೆ. ಅಂತರ್ಜಾಲಕ್ಕೆ ದಾರಿ ತೆರೆದಂತೆಯೇ 40ರಿಂದ 10ಕ್ಕೂ ದಾರಿ ತೆರೆಯುತ್ತದೆ. ಅತಿಥಿಯ ಮೊಬೈಲು ಮತ್ತೆ ಲೆಕ್ಕದ ಸರ್ವರನ್ನು ಮುಟ್ಟಬಲ್ಲದು. ಆದುದರಿಂದ ತಡೆಗೋಡೆಯ ನಿಯಮಗಳನ್ನು ಬರೆದ ಮೇಲೆಯೇ ಈ ಗುಂಡಿಯನ್ನು ತಿರುಗಿಸಬೇಕು.

2014ರಿಂದ ಲಿನಕ್ಸ್‌ನಲ್ಲಿರುವ ‘ಎನ್‌ಎಫ್‌ಟೇಬಲ್ಸ್’ ಈ ನಿಯಮಗಳಿಗೆ ಸಾಧನ. ನಿಯಮಗಳ ಕೋಷ್ಟಕವನ್ನು ‘ಇನೆಟ್’ ಬಗೆಯದಾಗಿ ಮಾಡಿದರೆ ಐಪಿಯ 4 ಮತ್ತು 6ನೇ ಆವೃತ್ತಿಗಳೆರಡಕ್ಕೂ ಒಂದೇ ನಿಯಮ ಅನ್ವಯಿಸುತ್ತದೆ. ಇಲ್ಲವಾದರೆ ಒಂದು ಬಾಗಿಲು ಮುಚ್ಚಿ ಮತ್ತೊಂದನ್ನು ತೆರೆದಿಟ್ಟಂತಾಗಬಹುದು. ಹಾದುಹೋಗುವ ಮಾಹಿತಿಗೆ ನಿಯಮಗಳ ಕ್ರಮ ಹೀಗೆ:

1. ಮೂಲನೀತಿ: ಎಲ್ಲವನ್ನೂ ತಡೆ.

2. ಈಗಾಗಲೇ ಒಪ್ಪಿಗೆ ಪಡೆದ ಸಂಭಾಷಣೆಯ ಮರುತ್ತರಗಳನ್ನು ಬಿಡು.

3. 10ರಿಂದ ಅಂತರ್ಜಾಲಕ್ಕೆ ಬಿಡು.

4. 20ರಿಂದ ಲೆಕ್ಕದ ಸರ್ವರಿನ ನಿಗದಿತ ಸೇವೆಗೆ ಮಾತ್ರ ಬಿಡು.

5. 10ರಿಂದ ಕ್ಯಾಮೆರಾಗಳ ಮುದ್ರಣ ಯಂತ್ರಕ್ಕೆ ಬಿಡು.

6. 40ರಿಂದ ಅಂತರ್ಜಾಲಕ್ಕೆ ಮಾತ್ರ ಬಿಡು.

ಇದು ಹಾಳೆಯ ಮೇಲೆ ಬರೆದ ಪಟ್ಟಿಯೇ ಎಂಬುದನ್ನು ಗಮನಿಸಬೇಕು. ಹಾಳೆ ಸರಿಯಾಗಿದ್ದರೆ ನಿಯಮ ಬರೆಯುವುದು ನಕಲು ಮಾಡುವ ಕೆಲಸವಷ್ಟೇ.

ಅನೇಕರು ಮರೆಯುವ ಇನ್ನೊಂದು ಅಂಶವಿದೆ. ಮೇಲಿನ ನಿಯಮಗಳು ರೂಟರನ್ನು ಹಾದುಹೋಗುವ ಮಾಹಿತಿಗೆ ಮಾತ್ರ. ರೂಟರಿಗೇ ಬರುವ ಮಾಹಿತಿಗೆ ಬೇರೆ ಸರಪಣಿ ಬೇಕು. ಲಿನಕ್ಸ್ ಯಂತ್ರವು ತನ್ನ ಯಾವುದೇ ವಿಳಾಸಕ್ಕೆ ಯಾವ ಕಡೆಯಿಂದ ಕರೆ ಬಂದರೂ ಓಗೊಡುತ್ತದೆ. ಅತಿಥಿ ಜಾಲದಲ್ಲಿ ಕುಳಿತವನು 192.168.10.1 ಎಂದು ಕರೆದರೆ ಅದು ಹಾದುಹೋಗುವ ಮಾಹಿತಿಯಲ್ಲ. ಆದುದರಿಂದ ಮೊದಲ ಪಟ್ಟಿ ಅದನ್ನು ತಡೆಯದು. ರೂಟರಿನೊಳಕ್ಕೆ ಬರುವ ಸರಪಣಿಯಲ್ಲೂ ಮೂಲನೀತಿ ತಡೆಯೇ ಆಗಿರಬೇಕು. ವಿಳಾಸ ಬೇಡುವ ಮತ್ತು ಹೆಸರು ಕೇಳುವ ಕರೆಗಳನ್ನು ಎಲ್ಲ ಜಾಲಗಳಿಂದಲೂ, ಆಡಳಿತದ ಪ್ರವೇಶವನ್ನು 10ರಿಂದ ಮಾತ್ರವೂ ಬಿಡಬೇಕು. ಸ್ವಿಚ್ಚಿನ ಆಡಳಿತ ಪುಟಕ್ಕೂ ಇದೇ ಮಾತು ಸಲ್ಲುತ್ತದೆ.

ಸೊರಬದ ಶಾಖೆ

ವಿ-ಲ್ಯಾನ್ ಮಾರ್ಕು ಮಂಡಿಯ ಆವರಣದೊಳಗಿನ ವ್ಯವಸ್ಥೆ. ಸಾಮಾನ್ಯ ಅಂತರ್ಜಾಲ ಸಂಪರ್ಕದಲ್ಲಿ ಅದು ಸೊರಬದವರೆಗೆ ಸಾಗುವುದಿಲ್ಲ. ಸರಕು ಮಾರುಕಟ್ಟೆಯ ಗೇಟು ದಾಟಿದ ಮೇಲೆ ಚೀಲದ ಮಾರ್ಕನ್ನು ಕೇಳುವವರಿಲ್ಲದಂತೆ. ಎರಡು ಊರುಗಳ ಲೆಕ್ಕ ಸೇರಿಸಲು ಗೂಢಲಿಪಿಯ ಸುರಂಗ ಬೇಕು. 2020ರ ಮಾರ್ಚಿನಲ್ಲಿ ಲಿನಕ್ಸ್ ತಿರುಳಿನ 5.6ನೇ ಆವೃತ್ತಿಗೆ ಸೇರಿದ ‘ವೈರ್‌ಗಾರ್ಡ್’ ಇದಕ್ಕೆ ಸರಳ ಸಾಧನ. ಬಿಎಸ್‌ಡಿ ವ್ಯವಸ್ಥೆಗಳಲ್ಲಿಯೂ ದೊರೆಯುತ್ತದೆ.

ಇಲ್ಲಿ ಮೂರು ವಿಷಯ ನೆನಪಿಡಬೇಕು. ವಿ-ಲ್ಯಾನ್ ಸಂಖ್ಯೆ ಎರಡೂ ಊರುಗಳಲ್ಲಿ ಒಂದೇ ಇರಬಹುದು, ಆದರೆ ವಿಳಾಸ ಶ್ರೇಣಿ ಒಂದೇ ಇರಬಾರದು, ಶಿಕಾರಿಪುರದಲ್ಲಿ 192.168.10 ಇದ್ದರೆ ಸೊರಬದಲ್ಲಿ 192.168.110 ಇರಲಿ. ಎರಡನೆಯದಾಗಿ, ಅನೇಕ ಸಂಪರ್ಕದಾರರು ಹಲವು ಗ್ರಾಹಕರಿಗೆ ಸೇರಿ ಒಂದೇ ಬಹಿರಂಗ ವಿಳಾಸ ಕೊಡುತ್ತಾರೆ. ಅಂತಹ ಕಡೆಗೆ ಹೊರಗಿನಿಂದ ಕರೆ ಬರಲಾರದು. ಎರಡರಲ್ಲಿ ಒಂದು ತುದಿಗಾದರೂ ಸ್ಥಿರವಾದ ಬಹಿರಂಗ ವಿಳಾಸ ಕೇಳಿ ಪಡೆಯಬೇಕು. ಮೂರನೆಯದಾಗಿ, ಸುರಂಗದ ಮೂಲಕ ಸಾಗಬೇಕಾದುದು ಲೆಕ್ಕಪತ್ರ ಜಾಲ ಮಾತ್ರ. ಸೊರಬದ ಅತಿಥಿ ಜಾಲಕ್ಕೂ ಕ್ಯಾಮೆರಾಗಳಿಗೂ ಶಿಕಾರಿಪುರದಲ್ಲಿ ಕೆಲಸವಿಲ್ಲ.

ಪರೀಕ್ಷೆ

ಕೆಲಸ ಮುಗಿಯಿತೆಂದು ತಂತ್ರಜ್ಞ ಹೇಳಿದರೆ ಸಾಲದು. ಮಾಲೀಕರು ನಿಂತು ನೋಡಬೇಕು. ಅತಿಥಿ ವೈ-ಫೈಗೆ ಮೊಬೈಲು ಸೇರಿಸಿ ಲೆಕ್ಕದ ಸರ್ವರಿನ ವಿಳಾಸ, ರೂಟರಿನ ನಾಲ್ಕೂ ವಿಳಾಸ, ಸ್ವಿಚ್ಚಿನ ಆಡಳಿತ ಪುಟ ಇವುಗಳನ್ನು ತೆರೆಯಲು ಯತ್ನಿಸಬೇಕು. ಯಾವುದೂ ತೆರೆಯಬಾರದು, ಅಂತರ್ಜಾಲ ಮಾತ್ರ ತೆರೆಯಬೇಕು. ತೂಕದ ಗಣಕಯಂತ್ರದಿಂದ ಚೀಟಿ ಸರ್ವರಿಗೆ ಹೋಗಬೇಕು, ಬೇರೇನೂ ಹೋಗಬಾರದು. ಏನಾದರೂ ಸಂಶಯವಿದ್ದರೆ ‘ಟಿಸಿಪಿಡಂಪ್’ ಎಂಬ ಆಜ್ಞೆಗೆ ‘-ಇ’ ಎಂಬ ಸೂಚನೆ ಕೊಟ್ಟು ಟ್ರಂಕ್ ಕಾರ್ಡನ್ನು ಗಮನಿಸಿದರೆ ಸಾಗುವ ಪ್ರತಿ ಫ್ರೇಮಿನ ಮಾರ್ಕು ಕಣ್ಣಿಗೆ ಕಾಣುತ್ತದೆ.

ಸಾಮಾನ್ಯವಾಗಿ ಕಂಡುಬರುವ ದೋಷಗಳೂ ಕೆಲವೇ. ರೂಟರಿನಲ್ಲಿ ವಿ-ಲ್ಯಾನ್ ಕಟ್ಟಿ ಸ್ವಿಚ್ಚಿನ ಪೋರ್ಟನ್ನು ಟ್ರಂಕ್ ಮಾಡದಿರುವುದು. ಮಾರ್ಕಿಲ್ಲದೆ ಬಂದ ಫ್ರೇಮ್ ಯಾವ ವಿ-ಲ್ಯಾನಿಗೆ ಸೇರಬೇಕೆಂಬುದು ಟ್ರಂಕಿನ ಎರಡು ತುದಿಯಲ್ಲಿ ಬೇರೆ ಬೇರೆ ಆಗಿರುವುದು. ಹೊಸ ಸ್ವಿಚ್ಚಿನಲ್ಲಿ ಎಲ್ಲ ಪೋರ್ಟುಗಳೂ ವಿ-ಲ್ಯಾನ್ 1ರಲ್ಲೇ ಇರುತ್ತವೆ. ಬಳಸದ ಪೋರ್ಟುಗಳನ್ನು ಮುಚ್ಚದೆ, ವಿ-ಲ್ಯಾನ್ 1ರಲ್ಲೇ ವ್ಯವಹಾರ ನಡೆಸುವುದು. ಜಾಗ ಸಾಲದೆಂದು ಮಧ್ಯದಲ್ಲಿ ಒಂದು ಸಾಧಾರಣ ಸ್ವಿಚ್ಚು ಸಿಕ್ಕಿಸಿ ಬೇರೆ ವಿಭಾಗದ ಯಂತ್ರವನ್ನು ಅದಕ್ಕೆ ಸೇರಿಸುವುದು. ಕೊನೆಯದು ಗುಮಾಸ್ತರ ಆತುರದಿಂದ ಆಗುವಂಥದು. ಪ್ರತಿ ಪೋರ್ಟಿನ ಮೇಲೂ ವಿಭಾಗದ ಹೆಸರಿನ ಚೀಟಿ ಅಂಟಿಸಿದರೆ ತಪ್ಪುತ್ತದೆ.

ಅಳವಡಿಕೆಯನ್ನು ಅಡಿಕೆಯ ಸುಗ್ಗಿಯಲ್ಲಿ ಕೈಗೊಳ್ಳಬಾರದು. ರಜೆಯ ದಿನ ಆರಿಸಿಕೊಂಡು, ಹಳೆಯ ಜೋಡಣೆಯ ನಕ್ಷೆ ಬರೆದಿಟ್ಟು, ಸ್ವಿಚ್ಚಿನ ಒಂದು ಪೋರ್ಟನ್ನು ಕೊನೆಯವರೆಗೂ ಬದಲಾಯಿಸದೆ ಉಳಿಸಿಕೊಳ್ಳಬೇಕು. ಒಂದು ತಪ್ಪು ಆಜ್ಞೆಯಿಂದ ಆಡಳಿತದ ದಾರಿಯೇ ಮುಚ್ಚಿದರೆ ಒಳಬರಲು ಅದೇ ಬಾಗಿಲು.

ಮಿತಿಗಳು

ವಿ-ಲ್ಯಾನ್ ಗೂಢಲಿಪಿಯಲ್ಲ, ತಂತಿಯನ್ನೇ ಕೈಗೆ ತೆಗೆದುಕೊಂಡವನಿಗೆ ಎಲ್ಲವೂ ಕಾಣುತ್ತದೆ. ಅದು ಬ್ಯಾಕಪ್ಪೂ ಅಲ್ಲ. ಲೆಕ್ಕದ ಗುಮಾಸ್ತನೇ ಕೆಟ್ಟ ಇ-ಅಂಚೆ ತೆರೆದರೆ ವಿ-ಲ್ಯಾನ್ 10ರೊಳಗೆ ಬೆಂಕಿ ಹೊತ್ತುತ್ತದೆ. ಗೋಡೆಯ ಕೆಲಸ ಅದು ತೂಕಕ್ಕೂ ಗೋದಾಮಿಗೂ ಸೊರಬಕ್ಕೂ ಹಬ್ಬದಂತೆ ನೋಡುವುದು. ಆದುದರಿಂದ ದಿನದ ಲೆಕ್ಕದ ಪ್ರತಿಯೊಂದು ಜಾಲದಿಂದ ಕಳಚಿದ ಸ್ಥಿತಿಯಲ್ಲಿ ಬೀರುವಿನಲ್ಲಿರಲೇಬೇಕು, ತಂತ್ರಾಂಶಗಳ ತಿದ್ದುಪಡಿ ಕಾಲಕಾಲಕ್ಕೆ ಆಗಲೇಬೇಕು, ಕ್ಯಾಮೆರಾಗಳ ಮೂಲ ಗುಪ್ತಪದ ಬದಲಾಗಲೇಬೇಕು. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನವು ಅದರ ವ್ಯಾಪ್ತಿಗೆ ಬರುವ ಸಂಸ್ಥೆಗಳು ಸೈಬರ್ ಘಟನೆಯನ್ನು ಆರು ಗಂಟೆಯೊಳಗೆ ವರದಿ ಮಾಡಬೇಕೆಂದೂ ದಾಖಲೆಗಳನ್ನು 180 ದಿನ ಉಳಿಸಬೇಕೆಂದೂ ಹೇಳುತ್ತದೆ. ಯಾವ ಜಾಲದಿಂದ ಏನು ಬಂತೆಂದು ಬೇರ್ಪಡಿಸಿ ತೋರಿಸಬಲ್ಲ ರೂಟರು ಇದ್ದರೆ ಅಂತಹ ಗಳಿಗೆಯಲ್ಲಿ ಉತ್ತರ ಕೊಡುವುದು ಸುಲಭ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಒಂದು ಕಾಲಕ್ಕೆ ದೊಡ್ಡ ವ್ಯಾಪಾರ ಪಟ್ಟಣ. ಅಂದಿನ ವರ್ತಕರಿಗೂ ಇಂದಿನವರಿಗೂ ಮೂಲಪ್ರಶ್ನೆ ಬದಲಾಗಿಲ್ಲ: ನಂಬಿ ಇಟ್ಟುಹೋದವನ ಮಾಲು ಮತ್ತು ಲೆಕ್ಕ ಅವನು ಹಿಂದಿರುಗಿದಾಗ ಇದ್ದಂತೆಯೇ ಇರಬೇಕು. ಮಾಲಿಗೆ ಗೋಡೆ, ಬೀಗ, ಕಾವಲು ಇವೆ. ಲೆಕ್ಕಕ್ಕೂ ಅವು ಬೇಕು. ಒಂದು ಹಾಳೆ, ಒಂದು ಸರಿಯಾದ ಸ್ವಿಚ್ಚು, ಒಂದು ಹಳೆಯ ಗಣಕಯಂತ್ರ, ಒಂದು ರಜೆಯ ದಿನ ಇಷ್ಟಿದ್ದರೆ ಕೆಲಸ ಆರಂಭಿಸಬಹುದು. ಹಾಳೆಯನ್ನು ಮಾಲೀಕರು ಇಂದೇ ಬರೆಯಬಹುದು.